ಪಂಕಜಮ್ಮನವರ ಮಾಳಿಗೆ

ಸ್ಕಂದಗಿರಿಯ ಬುಡದಲ್ಲಿ, ಕಳವಾರ ದಾಟಿ ಒಂದಿಷ್ಟು ಮೇಲಕ್ಕೆ ಹೋದರೆ, ಬಂಡೆಗಳ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿದ ಪುಟ್ಟ ಬಡಾವಣೆಯೊಂದಿದೆ. ಮೇಷ್ಟ್ರುಗಳು, ಗುಮಾಸ್ತರು, ತೋಟದ ಜೊತೆಗೆ ಒಂದು ನೌಕರಿಯನ್ನೂ ತೂಗಿಸಿಕೊಂಡು ಬಂದ ರೈತರು ಸೇರಿ ಸಂಘ ಕಟ್ಟಿಕೊಂಡು ಮಾಡಿದ ಬಡಾವಣೆ. ಬೇರೆ ಕಡೆಗಳಂತೆ ಅಲ್ಲಿ ಮನಸ್ಸಿಗೆ ಬಂದಷ್ಟು ಎತ್ತರಕ್ಕೆ ಏರಿಸಿ, ಕೈಗೆ ಸಿಕ್ಕ ಬಣ್ಣ ಬಳಿಯುವ ಹಾಗಿಲ್ಲ. ಅದಕ್ಕೆ ನಿಯಮಾವಳಿ ಇದೆ. ಆ ನಿಯಮಾವಳಿಗೆ ಒಬ್ಬ ತಂದೆಯೂ ಇದ್ದಾರೆ. ಅವರೇ ಪುಟ್ಟಸ್ವಾಮಯ್ಯನವರು.

ಪುಟ್ಟಸ್ವಾಮಯ್ಯನವರು ಡ್ರಾಯಿಂಗ್ ಮೇಷ್ಟ್ರು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ವರ್ಗವಾದಲ್ಲೆಲ್ಲ ಮಕ್ಕಳ ಕೈಗೆ ಪೆನ್ಸಿಲ್ಲು ಹಿಡಿಸಿ, ಕೊನೆಗೆ ಚಿಕ್ಕಬಳ್ಳಾಪುರದಲ್ಲಿ ನಿವೃತ್ತರಾದವರು. ಮನೆಗಳ ವಿನ್ಯಾಸಕ್ಕೊಂದು ಕಟ್ಟುಪಾಡು ಬೇಕು ಎಂಬ ಮಾತು ಸಂಘದಲ್ಲಿ ಬಂದಾಗ ಎಲ್ಲರ ಕಣ್ಣೂ ಅವರ ಕಡೆಗೇ ತಿರುಗಿತು. ಸದಸ್ಯರಲ್ಲಿ ಬಹಳ ಜನ ಒಂದು ಕಾಲಕ್ಕೆ ಅವರ ಕೈಲಿ ಕಿವಿ ಹಿಂಡಿಸಿಕೊಂಡವರೇ. ಮೇಷ್ಟ್ರು ಬರೆದುಕೊಟ್ಟದ್ದನ್ನು ಬೇಡ ಅನ್ನುವ ಧೈರ್ಯ ಯಾರಿಗಿತ್ತು?

ಅವರೇನೂ ಬೇಕಾಬಿಟ್ಟಿ ಬರೆದವರಲ್ಲ. ಬೆಟ್ಟವನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸುತ್ತಿ ನೋಡಿ, ಮಗುವಿಗೆ ಅಂಗಿ ಹೊಲಿಸುವಷ್ಟು ಅಕ್ಕರೆಯಿಂದ ಒಂದೊಂದೇ ನಿಯಮ ಮಾಡಿದರು. ಬಂಡೆ ಸಿಡಿಸಬಾರದು, ಮನೆಯೇ ಬಂಡೆಯನ್ನು ಬಳಸಿಕೊಂಡು ಹೋಗಬೇಕು. ಕೆಳಗಿನ ಮನೆಯ ನೆತ್ತಿ ಮೇಲಿನ ಮನೆಯ ಅಂಗಳಕ್ಕಿಂತ ಎತ್ತರ ಏಳಬಾರದು, ಎಲ್ಲರಿಗೂ ಬಯಲು ಕಾಣಬೇಕು. ಕಾಂಪೌಂಡು ಸೊಂಟದ ಮಟ್ಟ ಮೀರಬಾರದು. ಬಣ್ಣ ಮಣ್ಣಿನದೋ ಬಂಡೆಯದೋ ಆಗಿರಬೇಕು, ಗಿಳಿಹಸಿರು ಮತ್ತು ಬದನೆಕಾಯಿ ಬಣ್ಣ ಕೂಡದು. ಎರಡು ಮನೆಗಳ ನಡುವೆ ಬಿಟ್ಟ ಜಾಗದಲ್ಲಿ ಏನನ್ನೂ ಕಟ್ಟಬಾರದು. ಮತ್ತೆ, ಸೀಮೆಯ ಸೊಗಸಿಗೆ ತಕ್ಕಂತೆ ಪ್ರತಿ ಮನೆಯ ಸೂರೂ ಇಳಿಜಾರಾಗಿದ್ದು ಕೆಂಪು ಹಂಚು ಹೊದೆದಿರಬೇಕು.

ನಿಯಮಾವಳಿಯ ಜೊತೆಗೆ ಬಣ್ಣದ ಚಿತ್ರವೊಂದನ್ನೂ ಬರೆದುಕೊಟ್ಟರು. ಹಿಂದೆ ಬೆಟ್ಟ, ಬೆಟ್ಟದ ಪಕ್ಕದಲ್ಲಿ ಏಳುವ ಸೂರ್ಯ, ಮುಂದೆ ಹಂಚಿನ ಮನೆಗಳ ಸಾಲು, ಅಲ್ಲೊಂದು ಇಲ್ಲೊಂದು ತೆಂಗಿನ ಮರ. ವಾಟ್ಸಾಪ್ ಗ್ರೂಪಿನಲ್ಲಿ ಅದನ್ನು ನೋಡಿದವರೆಲ್ಲ ಕೈ ಮುಗಿದರು. ರೆಸಾರ್ಟ್ ಇದ್ದಂಗಿದೆ ಸಾರ್ ಎಂದರು. ನಿಯಮ ಪಾಸಾಯಿತು.

ಮೊದಲು ಮನೆ ಕಟ್ಟಿಸಿದವರು ನರಸಿಂಹಪ್ಪ. ಸಾದಲಿ ಕಡೆಯ ರೈತ ಮನೆತನ. ತೋಟ, ರೇಷ್ಮೆಹುಳ ಎಲ್ಲವನ್ನೂ ನೋಡಿಕೊಂಡೇ ಸಹಕಾರ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದವರು. ಅವರ ಸೈಟು ಪುಟ್ಟಸ್ವಾಮಯ್ಯನವರ ಸೈಟಿನ ನೆತ್ತಿಯ ಮೇಲೇ ಇತ್ತು. ನಮಗೆ ಹಂಚು ಬೇಡ, ಸಿಮೆಂಟಿನ ಮೋಲ್ಡ್ ಹಾಕಿಸಿ ಮೇಲೆ ತಾರಸಿಯಂಥ ಚಪ್ಪಟೆ ಮಾಳಿಗೆ ಮಾಡಿಕೊಳ್ಳುತ್ತೇವೆ ಎಂದು ಅವರು ಕೇಳಿದ್ದರು. ಪುಟ್ಟಸ್ವಾಮಯ್ಯನವರು ಕಾಫಿ ಕೊಡಿಸಿ, ಬೆನ್ನು ತಟ್ಟಿ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದು ತಿಳಿಹೇಳಿ ಕಳಿಸಿದ್ದರು. ನರಸಿಂಹಪ್ಪ ಗೊಣಗಿಕೊಂಡೇ ಹಂಚು ಹೊದಿಸಿದರು.

ಹಂಚು ಹೊದಿಸಿದ್ದು ಬೆಟ್ಟದ ಕೋತಿಗಳಿಗೆ ಬಹಳ ಇಷ್ಟವಾಯಿತು. ಸ್ಕಂದಗಿರಿ ಹತ್ತಲು ಬರುವವರ ಬಿಸ್ಕತ್ತು ತಿಂದು ಬೆಳೆದ ಕೋತಿಗಳು ಅವು. ಒಂದು ಹಂಚು ಎತ್ತಿ ಒಳಗೇನಿದೆ ಎಂದು ನೋಡುವುದು, ಏನೂ ಕಾಣದಿದ್ದರೆ ಪಕ್ಕದ ಹಂಚು ಎತ್ತುವುದು. ನರಸಿಂಹಪ್ಪನವರ ಮಡದಿ ಅಮ್ಮಾಜಮ್ಮ ಒಂದು ದಿನ ಸಾರಿಗೆ ಒಗ್ಗರಣೆ ಹಾಕಿ ತಲೆ ಎತ್ತಿದರೆ, ಸೂರಿನ ಕಿಂಡಿಯಲ್ಲಿ ಒಂದು ಮುಖ ಬಗ್ಗಿ ವಾಸನೆ ನೋಡುತ್ತಿತ್ತಂತೆ. ನರಸಿಂಹಪ್ಪ ಅದನ್ನು ಗ್ರೂಪಿಗೆ ಧ್ವನಿ ಮೆಸೇಜು ಮಾಡಿ ಹಾಕಿದರು. ನಗದವರಿಲ್ಲ. ಪುಟ್ಟಸ್ವಾಮಯ್ಯನವರೂ ನಕ್ಕರು. ಆದರೆ ನಿಯಮ ನಿಯಮವೇ.

ಈಗ ಅವರದೇ ಮನೆಯ ಸರದಿ ಬಂತು.

ಇಂಜಿನಿಯರ್ ಮುರಳಿಮೋಹನ್ ಪ್ಲಾನು ತಂದ ದಿನ ಪುಟ್ಟಸ್ವಾಮಯ್ಯನವರ ಮಡದಿ ಪಂಕಜಮ್ಮ ಅಡಿಗೆಮನೆಯಿಂದ ಕೈ ಒರೆಸಿಕೊಂಡು ಬಂದು ಕನ್ನಡಕ ಏರಿಸಿದರು. ಮದುವೆಯಾಗಿ ಬಂದಂದಿನಿಂದ ಬಾಡಿಗೆ ಮನೆಗಳಲ್ಲೇ ಇದ್ದವರು. ಸ್ವಂತ ಮನೆಯ ಗೆರೆಗಳ ಮೇಲೆ ಬೆರಳಾಡಿಸುತ್ತ, ಇದು ದೇವರಮನೆ, ಇದು ಮಗಳು ರಂಜನಿ ಮಕ್ಕಳನ್ನ ಕರ್ಕೊಂಡು ಬಂದ್ರೆ ಅವಳಿಗೆ, ಎಂದು ಒಂದೊಂದನ್ನೇ ಮಾತಾಡಿಸಿಕೊಂಡು ಹೋದರು. ಆಮೇಲೆ ಬೆರಳು ನಿಂತಿತು.

"ಮೇಲಕ್ಕೆ ಹತ್ತೋ ಮೆಟ್ಲು ಎಲ್ಲಪ್ಪಾ?"

"ಮೇಲೆ ಹಂಚಲ್ವಾ ಅಮ್ಮ," ಎಂದ ಮುರಳಿಮೋಹನ್. "ಹತ್ತಿ ಏನು ಮಾಡ್ತೀರ?"

ಪಂಕಜಮ್ಮ ಗಂಡನ ಮುಖ ನೋಡಿದರು. ಮುರಳಿಮೋಹನನೂ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಪ್ಲಾನನ್ನು ನೋಡಿದರು. ನಿಯಮ ಬರೆಯುವ ದಿನಗಳಲ್ಲಿ ಕಮಿಟಿಯವರಿಗೆ ಉಪ್ಪಿಟ್ಟು, ಕಾಫಿ ಮಾಡಿ ಕೊಟ್ಟವರು ಇದೇ ಪಂಕಜಮ್ಮ. ಆಗ ಅವರಿಗೆ ಅದೆಲ್ಲ ಬೇರೆಯವರ ಮನೆಗಳ ಮಾತು ಅನ್ನಿಸಿತ್ತೇ ಹೊರತು ತಮ್ಮ ತಲೆಯ ಮೇಲಿನ ಸೂರಿನ ಮಾತು ಅನ್ನಿಸಿರಲಿಲ್ಲ.

ಇಂಜಿನಿಯರು ಹೋದ ಮೇಲೆ ಪಂಕಜಮ್ಮ ಜಗಳವಾಡಲಿಲ್ಲ. ಹಳೆಯ ಮನೆಗಳನ್ನು ಒಂದೊಂದಾಗಿ ನೆನಪಿಸಿದರು ಅಷ್ಟೇ. ಗೌರಿಬಿದನೂರಿನಲ್ಲಿ ಓನರ್ ಹೆಂಗಸು ಮಾಳಿಗೆ ಬಿಟ್ಟುಕೊಟ್ಟದ್ದಕ್ಕೆ ಅರ್ಧ ಹಪ್ಪಳ ತನ್ನ ಡಬ್ಬಿಗೆ ತುಂಬಿಕೊಳ್ಳುತ್ತಿದ್ದಳು. ಶಿಡ್ಲಘಟ್ಟದಲ್ಲಿ ಮಾಳಿಗೆ ತುಂಬ ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ಚಂದ್ರಂಕಿ ತಟ್ಟೆಗಳು, ಅವುಗಳ ಸಂದಿಯಲ್ಲಿ ಒಂದು ಸೀರೆಯಗಲದ ಜಾಗದಲ್ಲಿ ಸಂಡಿಗೆ ಇಡಬೇಕಿತ್ತು. ಚಿಂತಾಮಣಿಯಲ್ಲಂತೂ ಮಾಳಿಗೆ ಬಾಗಿಲಿಗೆ ಬೀಗ. ಹುಣಸೆಹಣ್ಣು ಒಣಹಾಕಲು ಹೋಗುವಾಗ ಒಂದು ಸಲ, ತೆಗೆಯುವಾಗ ಒಂದು ಸಲ ಬೀಗದ ಕೈ ಕೇಳಬೇಕು. ರಂಜನಿ ಹೊಟ್ಟೆಯಲ್ಲಿದ್ದಾಗ ಒಂದು ಬೆಳಿಗ್ಗೆ ಬರೀ ಬಿಸಿಲು ಕಾಯಿಸಿಕೊಳ್ಳೋಣ ಎಂದು ಬೀಗದ ಕೈ ಕೇಳಿದರೆ, ಏನೂ ಒಣಗಿಸೋದಿಲ್ಲ ಅಂದ ಮೇಲೆ ಮೇಲೇನು ಕೆಲಸ ಎಂದು ಕೇಳಿದ್ದರಂತೆ.

"ಇಷ್ಟು ವರ್ಷ ಓನರ್‌ಗಳ ಹತ್ರ ಕೇಳಿದ್ದಾಯ್ತು," ಎಂದರು ಪಂಕಜಮ್ಮ. "ನಮ್ಮನೆ ಆದ್ಮೇಲೆ ಯಾರನ್ನೂ ಕೇಳ್ಬೇಕಾಗಿಲ್ಲ ಅನ್ಕೊಂಡಿದ್ದೆ. ಈಗ ನಿಮ್ಮನ್ನ ಕೇಳೋ ಹಾಗಾಯ್ತಲ್ರೀ."

"ನರಸಿಂಹಪ್ಪನಿಗೆ ಆಗಲ್ಲ ಅಂದವನು ನಾನು. ಈಗ ನನ್ನ ಮನೆಗೆ ಆಗುತ್ತೆ ಅನ್ನೋದು ಹೇಗೆ ಕಣೇ?"

"ಅನ್ನಬೇಡಿ ಬಿಡಿ."

ಮಾತು ಅಲ್ಲಿಗೆ ಮುಗಿಯಿತು. ಕಾಫಿ ಹೊತ್ತಿಗೆ ಸರಿಯಾಗಿ ಬಂತು, ಊಟಕ್ಕೆ ಉಪ್ಪು ಖಾರ ಹದವಾಗಿಯೇ ಇತ್ತು. ಆದರೆ ಮರುದಿನ ಸೈಟಿಗೆ ಹೊರಟಾಗ ಪಂಕಜಮ್ಮ ಏಳಲಿಲ್ಲ. "ನಿಮ್ಮ ಮನೆ ಎಲ್ಲಿಗೆ ಬಂತು ನೋಡ್ಕೊಂಡು ಬನ್ನಿ," ಎಂದರು. ಪುಟ್ಟಸ್ವಾಮಯ್ಯನವರು ಚಪ್ಪಲಿ ಮೆಟ್ಟಿ ಹೊರಗೆ ಬಂದು, ಸ್ಕೂಟರು ಸ್ಟಾರ್ಟ್ ಮಾಡಿ, ರಸ್ತೆ ಮುಟ್ಟಿದ ಮೇಲೆ ಅವರಿಗೆ ಹೊಳೆಯಿತು: ನಿನ್ನೆಯವರೆಗೂ ಅದು ನಮ್ಮ ಮನೆಯಾಗಿತ್ತು.

ಪಾಯ ಎದ್ದಿತು, ಗೋಡೆ ಎದ್ದಿತು. ಪಂಕಜಮ್ಮ ಬರಲಿಲ್ಲ. ದಿನಾ ಸಂಜೆ ಮೇಷ್ಟ್ರು ಬಂದು ಬಾಗಿಲ ದಾರಂದ ನಿಲ್ಲಿಸಿದರು, ಕಿಟಕಿ ಕೂರಿಸಿದರು ಎಂದು ವರದಿ ಒಪ್ಪಿಸುವುದು, ಪಂಕಜಮ್ಮ ಹುರುಳಿಕಾಯಿ ನಾರು ತೆಗೆಯುತ್ತ ಹೌದಾ ಎನ್ನುವುದು. ಅಡಿಗೆಮನೆಗೆ ಗ್ರಾನೈಟ್ ಹಾಕಿಸಲೋ ಕಡಪ ಕಲ್ಲು ಹಾಕಿಸಲೋ ಎಂದು ಆಸೆ ತೋರಿಸಿದರೂ ನಿಮಗೆ ಸರಿ ಅನ್ಸಿದ್ದು ಹಾಕ್ಸಿ ಎಂಬ ಉತ್ತರ. ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಮನೆಯ ಮೇಲಿನ ಆಸೆಯನ್ನೇ ಅವಳು ಮಡಿಸಿ ಟ್ರಂಕಿಗೆ ಹಾಕಿಟ್ಟಂತಿತ್ತು. ಅಂಥ ಮನೆಯನ್ನು ಯಾರಿಗಾಗಿ ಕಟ್ಟುವುದು?

ಗೋಡೆ ಸೂರಿನ ಮಟ್ಟಕ್ಕೆ ಬರುವ ಹೊತ್ತಿಗೆ ಒಂದು ಭಾನುವಾರ ಅಮ್ಮಾಜಮ್ಮನಿಂದ ಫೋನು ಬಂತು. ಮಾವಿನಕಾಯಿ ಚಿತ್ರಾನ್ನ ಮಾಡ್ತಿದೀನಿ, ಅಕ್ಕ ಬರದಿದ್ರೆ ನಾನೇ ಬಂದು ಎತ್ಕೊಂಡು ಹೋಗ್ತೀನಿ ಎಂದರಂತೆ. ಅಮ್ಮಾಜಮ್ಮನ ಮಾತನ್ನು ತೆಗೆದುಹಾಕುವುದು ಯಾರಿಂದಲೂ ಆಗದು. ಪಂಕಜಮ್ಮ ಹೊರಟರು. ಮೇಷ್ಟ್ರು ಡ್ರಾಯಿಂಗ್ ಹಾಳೆ, ಪೆನ್ಸಿಲ್ಲು ಎತ್ತಿಕೊಂಡರು. ಬಡಾವಣೆಯ ಕಮಾನಿಗೆ ಅಲ್ಲಿಂದ ಕಾಣುವ ನೋಟದ ಚಿತ್ರವೊಂದು ಬೇಕೆಂದು ಸಂಘದವರು ಕೇಳಿದ್ದರು.

ನರಸಿಂಹಪ್ಪನವರ ಅಂಗಳದಲ್ಲಿ ಆನೆ ಮಲಗಿದಂಥ ಒಂದು ಬಂಡೆ. ನಿಯಮ ಇಲ್ಲದಿದ್ದರೆ ಅದು ಎಂದೋ ಜಲ್ಲಿಯಾಗುತ್ತಿತ್ತು. ಹಂಚಿನ ಮನೆ ಕಟ್ಟಿಸಿಕೊಂಡ ಅಮ್ಮಾಜಮ್ಮ ಅದರ ಬೆನ್ನ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರು, ಒಂದು ಮಂಕರಿ ಹುಣಸೆಹಣ್ಣನ್ನೂ ಹರಡಿದ್ದರು. ಜಾಗ ಸಾಲದೆ ಒಂದಷ್ಟು ಸಂಡಿಗೆ ಇಳಿಜಾರಿನಲ್ಲಿ ಜಾರಿ ಕೆಳಗೆ ಬಿದ್ದಿತ್ತು. ಊಟವಾದ ಮೇಲೆ ಮೇಷ್ಟ್ರು ಬಂಡೆಯ ಒಂದು ಅಂಚಿನಲ್ಲಿ ಕೂತು ಬರೆಯತೊಡಗಿದರು. ಕೆಳಗೆ ಕಳವಾರ, ಅದರಾಚೆ ದ್ರಾಕ್ಷಿ ತೋಟಗಳು, ಹಿಪ್ಪುನೇರಳೆ ತೋಟಗಳು, ದೂರದಲ್ಲಿ ಮಬ್ಬಾದ ಬೆಟ್ಟಗಳು. ಪೆನ್ಸಿಲ್ಲು ತನ್ನ ಪಾಡಿಗೆ ತಾನು ಓಡಿತು.

ಸಂಡಿಗೆ ಮಗುಚಲು ಬಂದ ಪಂಕಜಮ್ಮ ಅವರ ಹೆಗಲ ಮೇಲಿಂದ ಹಾಳೆಯನ್ನು ನೋಡಿದರು.

"ಚೆನ್ನಾಗಿದೆ," ಎಂದರು. "ಯಾವೂರು ಇದು?"

"ಯಾವೂರು ಅಂದ್ರೆ? ಕಳವಾರ. ಎದುರಿಗೇ ಇದೆಯಲ್ಲ."

"ಎದುರಿಗಿರೋ ಕಳವಾರದಲ್ಲಿ ಒಂದು ಹಂಚಿನ ಮನೆ ತೋರ್ಸಿ ನೋಡಣ."

ಮೇಷ್ಟ್ರು ಹಾಳೆ ನೋಡಿದರು. ಸಾಲು ಸಾಲು ಹಂಚಿನ ಮನೆಗಳನ್ನು ಬರೆದಿದ್ದರು, ಎರಡು ಕಡೆ ಇಳಿಜಾರು, ನಡುವೆ ಚೂಪು ನೆತ್ತಿ. ತಲೆ ಎತ್ತಿ ಊರು ನೋಡಿದರು. ಹಳೆಯ ಕಲ್ಲು ಚಪ್ಪಡಿಯ ಮಾಳಿಗೆಗಳು, ಅವುಗಳ ಪಕ್ಕ ಹೊಸ ಮೋಲ್ಡಿನ ಮಾಳಿಗೆಗಳು, ಎಲ್ಲವೂ ಒಲೆಯ ಮೇಲೆ ಮುಚ್ಚಿಟ್ಟ ತಟ್ಟೆಗಳಂತೆ ಚಪ್ಪಟೆ. ಒಂದರ ಮೇಲೆ ಮೆಣಸಿನಕಾಯಿ ಕೆಂಪಗೆ ಹರಡಿತ್ತು. ಇನ್ನೊಂದರ ಮೇಲೆ ಹೆಂಗಸೊಬ್ಬಳು ಕಾಲಲ್ಲಿ ರಾಗಿ ಎಳೆದು ಹರಡುತ್ತಿದ್ದಳು. ಮತ್ತೊಂದರ ಮೇಲೆ ಒಗೆದ ಕೌದಿ, ಅದರ ನೆರಳಿನಲ್ಲಿ ಯಾರೋ ಮಲಗಿದ್ದರು. ಹುಡುಕಿದರೂ ಒಂದು ಹಂಚು ಕಾಣಲಿಲ್ಲ.

ಅಷ್ಟು ವರ್ಷ ಎಷ್ಟೋ ತರಗತಿಗಳಲ್ಲಿ ಸೀನರಿ ಬರೆಯಿರಿ ಎಂದು ಬೋರ್ಡಿನ ಮೇಲೆ ಅವರು ಬರೆದು ತೋರಿಸಿದ್ದು ಒಂದೇ ಮನೆ. ಬೆಟ್ಟ, ಸೂರ್ಯ, ತೆಂಗಿನ ಮರ, ಹಂಚಿನ ಮನೆ. ಚಪ್ಪಟೆ ಮಾಳಿಗೆಯ ಮನೆಗಳಿಂದ ಎದ್ದು ಬಂದ ಮಕ್ಕಳು ಹಂಚಿನ ಮನೆ ಬರೆದು ನಂಬರು ತೆಗೆದುಕೊಂಡು ಮತ್ತೆ ಚಪ್ಪಟೆ ಮಾಳಿಗೆಯ ಕೆಳಗೆ ಹೋಗಿ ಮಲಗಿದ್ದರು. ಅವರಿಗೆ ಹೇಳಿಕೊಟ್ಟ ಮೇಷ್ಟ್ರೂ ಅಂಥ ಮಾಳಿಗೆಯ ಕೆಳಗೇ ಮಲಗಿದ್ದರು. ಸೀಮೆಯ ಸೊಗಸು ಎಂದು ಬರೆದಾಗ ಅವರ ಕಣ್ಣ ಮುಂದೆ ಇದ್ದದ್ದು ಸೀಮೆಯಲ್ಲ, ಕಪ್ಪು ಬೋರ್ಡು.

"ಕೈ ತಾನಾಗಿ ಬರೆದುಬಿಡ್ತು ಕಣೇ," ಎಂದರು ಮೇಷ್ಟ್ರು.

ಪಂಕಜಮ್ಮ ನಗಲಿಲ್ಲ. ಬಂಡೆಯ ಮೇಲೆ ಅವರ ಪಕ್ಕ ಕೂತು, ಹುಣಸೆಹಣ್ಣಿನ ಒಂದು ಎಸಳು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಅವರ ಕೈಗೆ ಕೊಟ್ಟರು. ಬಹಳ ದಿನಗಳ ಮೇಲೆ ಅವರು ಹಾಗೆ ಪಕ್ಕದಲ್ಲಿ ಕೂತದ್ದು. ಮೇಷ್ಟ್ರು ಹುಳಿಗೆ ಮುಖ ಹಿಂಡಿದರು.

ಮರುವಾರವೇ ಅವರು ಸಂಘದ ಸಭೆ ಕರೆಸಿದರು. ಸಭೆ ನರಸಿಂಹಪ್ಪನವರ ಪಡಸಾಲೆಯಲ್ಲಿ. ಹಂಚಿನ ನಿಯಮ ತೆಗೆದುಹಾಕಬೇಕು, ಮಾಳಿಗೆಯೇ ಈ ಸೀಮೆಯ ಸೂರು, ಎತ್ತರದ ನಿಯಮ ಹೇಗಿದ್ದರೂ ಇದೆ ಎಂದು ಪುಟ್ಟಸ್ವಾಮಯ್ಯನವರು ನಿಂತು ಹೇಳಿದರು. ಮಾತು ಮುಗಿಸಿ ಕೂರುವಾಗ ಅವರ ಕಣ್ಣು ನರಸಿಂಹಪ್ಪನವರ ಕಡೆಗೆ ಹೋಗಲು ಹಿಂಜರಿಯಿತು. ಪಡಸಾಲೆಯ ಮೇಲೆ ಕೋತಿಯೊಂದು ಹಂಚಿನಿಂದ ಹಂಚಿಗೆ ನಡೆದುಹೋದ ಸದ್ದು ಎಲ್ಲರಿಗೂ ಕೇಳಿಸಿತು. ಯಾರೂ ಮೇಲೆ ನೋಡಲಿಲ್ಲ.

ನರಸಿಂಹಪ್ಪ ಎಲೆ ಅಡಿಕೆ ದವಡೆಗೆ ಒತ್ತಿಕೊಂಡು ಸಾವಕಾಶವಾಗಿ ಮಾತು ತೆಗೆದರು.

"ನಿಯಮ ತೆಗೀರಿ ಮೇಷ್ಟ್ರೇ, ನಾನೇನು ಅಡ್ಡ ಬರಲ್ಲ. ಆದ್ರೆ ಒಂದು ಮಾತು ಬಾಯ್ಬಿಟ್ಟು ಹೇಳ್ಬೇಕು. ಇದು ತಪ್ಪು ಅಂತ ತೆಗೀತಿದೀರಾ, ಮನೇಲಿ ಕೇಳಿದ್ರು ಅಂತ ತೆಗೀತಿದೀರಾ?"

ಹಳೆಯ ಶಿಷ್ಯರು ತಲೆ ತಗ್ಗಿಸಿ ಮೊಬೈಲು ನೋಡತೊಡಗಿದರು. ಒಳಬಾಗಿಲ ಹತ್ತಿರ ಅಮ್ಮಾಜಮ್ಮನ ಪಕ್ಕ ಕೂತಿದ್ದ ಪಂಕಜಮ್ಮ ಎದ್ದು, ನನಗೋಸ್ಕರ ಯಾರೂ ಏನೂ ಬದಲಾಯಿಸಬೇಕಾಗಿಲ್ಲ ಎಂದು ಹೇಳಲು ಬಾಯಿ ತೆರೆದರು. ಮೇಷ್ಟ್ರು ಕೈ ಮಾಡಿ ತಡೆದರು.

"ಎರಡೂ ಹೌದು ನರಸಿಂಹಪ್ಪನೋರೆ," ಎಂದರು. "ನೀವು ಕೇಳಿದಾಗಲೂ ಅದು ತಪ್ಪೇ ಆಗಿತ್ತು. ನಿಮ್ಮ ಮಾತು ನನ್ನ ಕಿವಿಗೆ ಬೀಳಲಿಲ್ಲ. ಅವಳು ಕೇಳಿದ್ದಕ್ಕೆ ಬಿತ್ತು. ಅವಳು ಮನೆ ಕಡೆ ತಲೆ ಹಾಕೋದು ಬಿಟ್ಟಿದ್ದಕ್ಕೆ ಬಿತ್ತು."

ನರಸಿಂಹಪ್ಪ ದವಡೆಯಾಡಿಸುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ಆಮೇಲೆ ಹೊರಗೆ ಹೋಗಿ ಉಗಿದು ಬಂದು ಕೂತರು.

"ಹೆಂಡ್ತಿ ಸೈಟಿಗೆ ಬರ್ದಿದ್ರೆ ಬುದ್ಧಿ ಬರ್ತದೆ ಅಂತ ಮೊದ್ಲೇ ಗೊತ್ತಿದ್ರೆ ನಾನೇ ಪಂಕಜಮ್ಮೋರಿಗೆ ಹೇಳ್ತಿದ್ನಲ್ಲಾ," ಎಂದರು.

ನಗು ಒಡೆಯಿತು. ಆದರೂ ಅವರು ಬಿಡುವ ಆಸಾಮಿಯಲ್ಲ. ಎಲ್ಲರೂ ಮಾಳಿಗೆ ಮಾಡಿಕೊಳ್ಳಲಿ, ಸಂತೋಷ. ಮೊದಲು ನಿಯಮ ಪಾಲಿಸಿದ ತಪ್ಪಿಗೆ ತಮಗೊಬ್ಬರಿಗೆ ಹಂಚು, ತಮಗೊಬ್ಬರಿಗೆ ಕೋತಿ. ಈಗ ಕಟ್ಟಿದ ಮನೆಯ ಸೂರು ಕಿತ್ತು ಹಾಕಲು ಆಗುತ್ತದೆಯೇ? ಮೇಷ್ಟ್ರು, ನೀವು ಹೇಳಿದ ಹಾಗೆ ಎಂದು ಕೈ ಜೋಡಿಸಿ ಕೂತರು.

ಉತ್ತರ ಬಂದದ್ದು ಒಳಬಾಗಿಲಿಂದ. ಅಮ್ಮಾಜಮ್ಮನಿಗೆ ಅದು ಮೊದಲೇ ಹೊಳೆದಿದ್ದಿರಬೇಕು. ಗಂಡಸರ ಮಾತು ಸುಸ್ತಾಗಲಿ ಎಂದು ಕಾಯುತ್ತಿದ್ದಂತೆ ಕಂಡಿತು.

"ಅಕ್ಕನ ಮನೆ ಮಾಳಿಗೆ ನಮ್ಮ ಅಂಗಳದ ಸಮಕ್ಕೆ ಬರ್ತದೆ. ಅದಕ್ಕಿಂತ ಎತ್ತರ ಏಳಂಗಿಲ್ಲ ಅಂತ ಮೇಷ್ಟ್ರೇ ಬರ್ದವ್ರೆ. ನಡುವೆ ಒಂದು ಆಳುದ್ದ ಸಂದು. ಒಂದು ಕಲ್ಲು ಚಪ್ಪಡಿ ಅಡ್ಡ ಹಾಕಿದ್ರೆ ನಾನು ಇತ್ತಿಂದ ಅತ್ತ ನಡ್ಕೊಂಡು ಹೋಗ್ತೀನಿ. ನಮಗ್ಯಾಕೆ ಬೇರೆ ಮಾಳಿಗೆ?"

ನರಸಿಂಹಪ್ಪನವರ ಮುಖ ಬಿಚ್ಚಿಕೊಂಡಿತು. "ಸರಿಪೋಯಿಂದಿ," ಎಂದು ತೊಡೆ ತಟ್ಟಿದರು. ಸಂಭ್ರಮವಾದಾಗ ಅವರ ಬಾಯಿಗೆ ತೆಲುಗು ಬರುವುದು ರೂಢಿ. ಆದರೆ ತಕ್ಷಣ ಇನ್ನೊಂದು ನಿಯಮ ನೆನಪಾಗಿ, ಎರಡು ಮನೆಗಳ ನಡುವೆ ಏನನ್ನೂ ಕಟ್ಟುವ ಹಾಗಿಲ್ಲವಲ್ಲ ಎಂದು ಮೇಷ್ಟ್ರ ಕಡೆ ತಿರುಗಿ ಹುಬ್ಬು ಹಾರಿಸಿದರು. ಎಲ್ಲರೂ ಮೇಷ್ಟ್ರನ್ನು ನೋಡಿದರು.

ಪುಟ್ಟಸ್ವಾಮಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿಕೊಂಡು, ಸಿಮೆಂಟು ಹಾಕದೆ ಸುಮ್ಮನೆ ಇಟ್ಟ ಕಲ್ಲನ್ನು ಕಟ್ಟಡ ಅನ್ನಲು ಬರುವುದಿಲ್ಲ ಎಂದು ಗಂಭೀರವಾಗಿ ತೀರ್ಪು ಕೊಟ್ಟರು. ಅವರ ಬಾಯಿಂದ ಅಂಥ ಮಾತು ಬಂದದ್ದನ್ನು ಕೇಳಿ ಹಳೆಯ ಶಿಷ್ಯರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಹಂಗಾದ್ರೆ ಅರ್ಧ ಮಾಳಿಗೆ ನಮ್ಮನೆಯಾಕೆಗೆ," ಎಂದರು ನರಸಿಂಹಪ್ಪ. "ಇದನ್ನೂ ಬರ್ಕೊಳ್ಳಿ."

"ಅರ್ಧ ಗಿರ್ಧ ಏನೂ ಬೇಡ," ಎಂದರು ಪಂಕಜಮ್ಮ. ಅಷ್ಟು ಹೊತ್ತಿನಲ್ಲಿ ಅವರು ಸಭೆಯಲ್ಲಿ ಆಡಿದ ಮೊದಲ ಮಾತು ಅದು. "ಗೆರೆ ಎಳ್ಕೊಂಡು ಸಂಡಿಗೆ ಇಟ್ಟಿದ್ದು ಸಾಕಾಗಿದೆ ನಂಗೆ. ಬಿಸಿಲು ಎಲ್ಲಿರತ್ತೋ ಅಲ್ಲಿ ಇಬ್ರೂ ಹರಡಣ."

ಆ ಸಂಜೆ ಮನೆಗೆ ಹೋಗುವ ಮುನ್ನ ಪಂಕಜಮ್ಮ ಕೆಳಗಿನ ಸೈಟಿಗೆ ಇಳಿದು, ಇಟ್ಟಿಗೆ ಚೂರುಗಳನ್ನು ದಾಟಿಕೊಂಡು ಒಳಗೆಲ್ಲ ಓಡಾಡಿ ಬಂದರು. ಅಡಿಗೆಮನೆಯ ಕಿಟಕಿ ಬಹಳ ಮೇಲಾಯಿತು, ಇಳಿಸಬೇಕು ಎಂದರು. ಗ್ರಾನೈಟೇ ಇರಲಿ, ಕಡಪ ಬೇಡ ಎಂದರು. ದೇವರಮನೆ ಬಾಗಿಲು ಇಷ್ಟು ಕಿರಿದಾದರೆ ಹೇಗೆ ಎಂದು ಮುರಳಿಮೋಹನನಿಗೆ ಅಲ್ಲಿಂದಲೇ ಫೋನು ಮಾಡಿ ತರಾಟೆಗೆ ತೆಗೆದುಕೊಂಡರು. ಮೇಷ್ಟ್ರು ಅವರ ಹಿಂದೆ ಹಿಂದೆ ಹೋಗುತ್ತ, ಆಗಲಿ, ಇಳಿಸೋಣ, ಅಗಲ ಮಾಡಿಸೋಣ ಎನ್ನುತ್ತಿದ್ದರು. ಕಟ್ಟಿದ್ದನ್ನು ಒಡೆಸುವುದಕ್ಕೆ ಅಷ್ಟು ಖುಷಿಪಟ್ಟವರನ್ನು ಆ ಬಡಾವಣೆ ಕಂಡಿರಲಿಲ್ಲ.

ಮೋಲ್ಡ್ ಹಾಕಿದ ದಿನ ಕೆಲಸದವರಿಗೆಲ್ಲ ಒಬ್ಬಟ್ಟಿನ ಊಟವಾಯಿತು. ಆಮೇಲೆ ಮಾಳಿಗೆಯ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಗುಬ್ಬಿಗಳು ಬಂದು ಅದರಲ್ಲಿ ಮಿಂದು ಹೋದವು. ನೀರು ಇಂಗಿ, ಸೆಂಟ್ರಿಂಗ್ ಹಲಗೆ ಬಿಚ್ಚಿ, ಮೆಟ್ಟಿಲಾಗಿ, ಅಮ್ಮಾಜಮ್ಮನ ಅಂಗಳದಿಂದ ಚಪ್ಪಡಿಯೂ ಬಂದು ಕೂತ ಮೇಲೆ, ಒಂದು ಬೆಳಿಗ್ಗೆ ಪಂಕಜಮ್ಮ ಚಾಪೆ ಹಿಡಿದುಕೊಂಡು ಮೇಲೆ ಹತ್ತಿದರು. ಹಿಂದೆ ಮೇಷ್ಟ್ರು.

ಅಮ್ಮಾಜಮ್ಮ ಮೊರದ ತುಂಬ ಹುರುಳಿಕಾಳು ತಂದು, ಚಪ್ಪಡಿಯ ಮೇಲೆ ಹುಷಾರಾಗಿ ಹೆಜ್ಜೆ ಇಟ್ಟು ದಾಟಿ, ಮಾಳಿಗೆಯನ್ನೆಲ್ಲ ಕಣ್ಣಲ್ಲಿ ಅಳೆದರು. ಇಡೀ ಮಾಳಿಗೆ ಖಾಲಿ. ನಡುವೆ ಒಂದು ಚಾಪೆ, ಚಾಪೆಯ ಮೇಲೆ ಕಾಲು ಚಾಚಿಕೊಂಡು ಪಂಕಜಮ್ಮ.

"ಏನಕ್ಕಾ, ಏನೂ ತರ್ಲೇ ಇಲ್ವಾ ಹರಡಕ್ಕೆ?"

"ಇವತ್ತು ಏನೂ ಇಲ್ಲ ಕಣೇ," ಎಂದರು ಪಂಕಜಮ್ಮ, ತಲೆಯ ತುರುಬು ಬಿಚ್ಚಿ ಬೆನ್ನಿಗೆ ಹರಡಿಕೊಳ್ಳುತ್ತ. "ಇವತ್ತು ನಾನೇ."

ಅಮ್ಮಾಜಮ್ಮ ಮೊರವನ್ನು ಅಲ್ಲೇ ಇಳಿಸಿ ಚಾಪೆಯ ಇನ್ನೊಂದು ತುದಿಯಲ್ಲಿ ಕೂತರು. ಕಳವಾರದ ಮಾಳಿಗೆಗಳ ಮೇಲೆ ಒಬ್ಬೊಬ್ಬರೇ ಕಾಣಿಸಿಕೊಳ್ಳುವ ಹೊತ್ತು. ಪುಟ್ಟಸ್ವಾಮಯ್ಯನವರು ಅವರಿಬ್ಬರ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಮಾಳಿಗೆಗೆ ಸುತ್ತ ಎಷ್ಟೆತ್ತರದ ಗೋಡೆ ಇರಬೇಕೆಂದು ನಿಯಮದಲ್ಲಿ ಸೇರಿಸುವುದು ಒಳ್ಳೆಯದು ಎಂದು ವಿವರಿಸತೊಡಗಿದರು.

"ಸ್ವಲ್ಪ ಆ ಕಡೆ ಸರ್ಕೊಳ್ಳಿ," ಎಂದರು ಪಂಕಜಮ್ಮ. "ಬಿಸಿಲಿಗೆ ಅಡ್ಡ ನಿಂತಿದೀರ."

ಮೇಷ್ಟ್ರು ಸರಿದರು.